ಉತ್ತರದ ಗೋಡೆಯ ರೈಟರ್

ಹೊರಡುವ ಮೊದಲು, ಹೊಂಗಡಹಳ್ಳ

ನನ್ನ ಹೆಂಡತಿಯ ತಾತ ಇಂಗ್ಲೆಂಡಿನ ಯಾವುದೋ ಚರ್ಚಿನ ಗೋಡೆಯ ಮೇಲಿದ್ದಾರೆ ಎಂಬ ವಿಷಯ ನನಗೆ ಗೊತ್ತಾಗಿದ್ದು ಹೆಣ್ಣು ನೋಡಲು ಹೋದ ದಿನ. ಕೆ. ಹೊಸಕೋಟೆ ಹತ್ತಿರದ ಅವರ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು, ಕಾಫಿ ಕೊಟ್ಟರು, ಹುಡುಗಿಯನ್ನು ತೋರಿಸುವ ಮೊದಲು ಚರ್ಚನ್ನು ತೋರಿಸಿದರು. ದೇವರ ಪಟಗಳ ಸಾಲಿನಲ್ಲಿ, ಮಂಜುನಾಥನಿಗೂ ತಿಮ್ಮಪ್ಪನಿಗೂ ನಡುವೆ, ಕಟ್ಟು ಹಾಕಿಸಿದ ಒಂದು ಇಂಗ್ಲಿಷ್ ಚರ್ಚಿನ ಚಿತ್ರ. ಅದಕ್ಕೂ ಕುಂಕುಮ, ಅದಕ್ಕೂ ದಾಸವಾಳ. ನಾನು ಬಂದದ್ದು ಯಾವ ಜಾತಿಯ ಮನೆಗೆ ಎಂದು ಒಂದು ಕ್ಷಣ ಗಾಬರಿಯಾಯಿತು.

ಕಥೆ ಇಷ್ಟು. ಬಿಸ್ಲೆ ರಸ್ತೆಯ ಒಂದು ಎಸ್ಟೇಟಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ಇದ್ದ. ಕೆಂಪು ಮೀಸೆ ಇದ್ದದ್ದರಿಂದ ಜನ ಅವನನ್ನು ಮೀಸೆ ದೊರೆ ಎನ್ನುತ್ತಿದ್ದರು. ಹೆಂಡತಿಯ ತಾತ ಮಲ್ಲೇಗೌಡರು ಅವನ ರೈಟರ್. ಘಟ್ಟದ ಕೆಳಗಿನವರಿಗಾಗಿ ಹೇಳುತ್ತೇನೆ: ರೈಟರ್ ಎಂದರೆ ನಮ್ಮ ಕಡೆ ಕಥೆ ಬರೆಯುವವನಲ್ಲ. ಬೆಳಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಖ ನೋಡಿ ಹಾಜರಿ ಹಾಕಿ, ಕೆಲಸಕ್ಕೆ ಕಳಿಸುವವನು. ಸ್ವಾತಂತ್ರ್ಯ ಬಂದ ಮೇಲೆ ದೊರೆ ತೋಟ ಮಾರಿ ತನ್ನ ಊರಿಗೆ ಹೋದ. ಕೆಲವು ವರ್ಷದ ನಂತರ ಈ ಚಿತ್ರ ಕಳಿಸಿದ. ಅದರ ಹಿಂದೆ ಒಂದೇ ಸಾಲು: ರೈಟರ್ ಈಗ ನಮ್ಮ ಚರ್ಚಿನ ಉತ್ತರದ ಗೋಡೆಯ ಮೇಲೆ ಕಲ್ಲಾಗಿದ್ದಾನೆ.

ಅದನ್ನು ಓದಿದ ತಾತ ಮೊದಲು ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡರಂತೆ. "ನಿಮ್ಮುನ್ನೇ ಕೆತ್ತಿಸವ್ನಾ?" ಎಂದು ಅಜ್ಜಿ ಕೇಳಿದ್ದಕ್ಕೆ, "ರೈಟರ್ ಅಂತ ಬರ್ದವ್ನಲ್ಲ, ಇನ್ನೇನ್ ಹೇಳ್ಲಿ" ಎಂದು ಎದ್ದು ಹೋದರಂತೆ. ಅಷ್ಟು ಸಾಕಾಯಿತು. ಅವತ್ತಿನಿಂದ ಆ ಮನೆಯವರು ನೆಂಟರಿಷ್ಟರ ನಡುವೆ ತಲೆ ಎತ್ತಿಕೊಂಡೇ ಓಡಾಡುತ್ತಾ ಬಂದಿದ್ದಾರೆ.

ನನ್ನದು ಸುಮ್ಮನಿರುವ ಬಾಯಲ್ಲ. ಮದುವೆಯಾದ ಲಾಗಾಯ್ತು ನಾಮಕರಣ, ಗೃಹಪ್ರವೇಶ, ತಿಥಿ ಎಲ್ಲಿ ಸಿಕ್ಕರೂ ಈ ತಾತನನ್ನು ಎಳೆದು ತರುತ್ತಿದ್ದೆ. "ಬೇಲೂರಲ್ಲಿ ಜಾಗ ಸಾಲ್ದೆ ಲಂಡನ್ನಿಗೆ ಹೋದ್ರೇನೋ!" "ಪಾಪ, ಅಲ್ಲಿ ಮಂಜು ಬೀಳ್ತದಂತೆ, ಯಾರಾದ್ರೂ ಒಂದು ಕಂಬಳಿ ಕಳ್ಸಿ!" ಎಲ್ಲರೂ ನಗುತ್ತಿದ್ದರು. ನಾಗರತ್ನ ನಗುತ್ತಿರಲಿಲ್ಲ. ಮಾರನೆಯ ದಿನ ನನ್ನ ಕಾಫಿಗೆ ಸಕ್ಕರೆ ಇರುತ್ತಿರಲಿಲ್ಲ.

ಈ ವರ್ಷ ನಾಗರತ್ನಳ ತಂಗಿಯ ಮಗಳು ಸೌಮ್ಯಳಿಗೆ ಇಂಗ್ಲೆಂಡಿನಲ್ಲಿ ಹೆರಿಗೆಯಾಯಿತು. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅವಳ ತಾಯಿ ಹಾಸನದಲ್ಲಿ ಲಿಫ್ಟ್ ಹತ್ತಲೂ ಹೆದರುವವಳು, ವಿಮಾನ ಹತ್ತುವ ಮಾತೇ ಇಲ್ಲ. ಬಾಣಂತನಕ್ಕೆ ದೊಡ್ಡಮ್ಮನೇ ಹೋಗಬೇಕೆಂದು ತೀರ್ಮಾನವಾಯಿತು. ಸಾಮಾನು ಹೊರಲು ನಾನು.

ಪೆಟ್ಟಿಗೆಗೆ ಮೆಣಸು, ಒಣಶುಂಠಿ, ಬಾಣಂತಿ ಲೇಹ್ಯ ತುಂಬುತ್ತಾ ನಾಗರತ್ನ ಕೇಳಿದಳು: "ಏನ್ರೀ, ತಾತ ಅಲ್ಲಿದ್ರೆ ಏನ್ಮಾಡ್ತೀರ?"

"ಇದ್ರೆ ಅಡ್ಡ ಬೀಳ್ತೀನಿ."

"ನಂಗೆ ಅಡ್ಡ ಬೀಳೋದು ಬ್ಯಾಡ. ಹಿರಿಯರ ಹಬ್ಬದ ದಿನ ಎಲ್ಲಾ ಸೇರಿರ್ತಾರಲ್ಲ, ಅವ್ರೆದುರು ನಿಮ್ಮ ಬಾಯಲ್ಲೇ ಹೇಳ್ಬೇಕು. ನೋಡಿದೆ, ಅವ್ರೆ ಅಂತ."

"ಇಲ್ದಿದ್ರೆ?"

ಅವಳು ಲೇಹ್ಯದ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡಿದಳು. "ಇಲ್ದಿದ್ರೆ ಆ ಪಟನ ನಾನೇ ಇಳ್ಸಿ ಅಟ್ಟಕ್ಕೆ ಹಾಕ್ತೀನಿ. ಇನ್ನೊಂದ್ಸಲ ಮಾತೆತ್ತಲ್ಲ." ಹೇಳುವಾಗ ಧ್ವನಿ ಸ್ವಲ್ಪ ಅದುರಿತು. ನನಗೆ ಆಗ ಅದೂ ತಮಾಷೆಯಾಗಿಯೇ ಕಂಡಿತು.

ಸೌಮ್ಯಳ ಬೀದಿ

ಇಂಗ್ಲೆಂಡಿನ ಬಗ್ಗೆ ನಾನು ಮೊದಲು ಕಲಿತದ್ದು ನಾಯಿಗಳಿಂದ. ನಾವು ಹೋದ ಮರುದಿನ ಬೆಳಗ್ಗೆ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು "ಹೆನ್ರಿ, ಒಳಗೆ ಬಾ ಚಿನ್ನ, ತಿಂಡಿ ಆರಿಹೋಗುತ್ತೆ" ಎನ್ನುವಂತೆ ಕೂಗುತ್ತಿದ್ದಳು. ಗಂಡನ ಮೇಲೆ ಎಷ್ಟು ಪ್ರೀತಿ ಎಂದು ನಾನು ನಾಗರತ್ನಳಿಗೆ ಚುಚ್ಚಿ ತೋರಿಸಿದೆ. ಅಷ್ಟರಲ್ಲಿ ಹೆನ್ರಿ ಬಾಲ ಅಲ್ಲಾಡಿಸಿಕೊಂಡು ಬಂದ.

"ಇಲ್ಲಿ ಹಂಗೇ ದೊಡ್ಡಪ್ಪ," ಎಂದಳು ಸೌಮ್ಯ. "ಸತ್ತುಹೋದ ಚಿಕ್ಕಪ್ಪನ ಹೆಸರಂತೆ ಅದು. ತುಂಬಾ ಇಷ್ಟ ಇದ್ದೋರ ಹೆಸರನ್ನ ನಾಯಿಗೆ ಇಡ್ತಾರೆ."

ನಮ್ಮೂರಿನಲ್ಲಿ ನಾಯಿಗೆ ಯಾರದಾದರೂ ಚಿಕ್ಕಪ್ಪನ ಹೆಸರಿಟ್ಟು ನೋಡಿ. ಪಂಚಾಯಿತಿ ಸೇರಿಸಿ, ಅದು ಮುಗಿಯದೆ ಆಲೂರಿನ ಸ್ಟೇಷನ್ನಿಗೂ ಹೋಗಿ ಬರಬೇಕಾಗುತ್ತದೆ. ನಮ್ಮ ಮನೆಯ ನಾಯಿಗೆ ಹೆಸರೇ ಇಲ್ಲ. "ಹಚಾ" ಎಂದರೆ ಹೋಗುತ್ತದೆ, "ತೋ ತೋ" ಎಂದರೆ ಬರುತ್ತದೆ. ಹೊಸಿಲು ದಾಟಿದರೆ ನಾಗರತ್ನಳ ಕೈಯ ಪೊರಕೆ ಬೀಳುತ್ತದೆ.

ಬಸ್ಸು

ಚಿತ್ರದ ಕೆಳಗೆ ಊರಿನ ಹೆಸರು ಅಚ್ಚಾಗಿತ್ತು: ಲಿಟಲ್ ಆಶ್‌ಕೋಂಬ್. ಸೌಮ್ಯ ಫೋನಿನಲ್ಲಿ ಹುಡುಕಿ, ಬಸ್ಸಿನಲ್ಲೇ ಹೋಗಿಬರಬಹುದು ಎಂದಳು. ಮಗುವಿಗೆ ನೀರು ಹಾಕಿ ಮಲಗಿಸಿ, ಒಂದು ಶನಿವಾರ ನಾವಿಬ್ಬರೂ ಹೊರಟೆವು. ನಾಗರತ್ನ ರೇಷ್ಮೆ ಸೀರೆ ಉಟ್ಟಿದ್ದಳು, ಮೇಲೆ ಸೌಮ್ಯಳ ಗಂಡನ ಮಳೆಕೋಟು. ಕೈಚೀಲದಲ್ಲಿ ಊದುಬತ್ತಿ.

ನಾನು ಡ್ರೈವರಿಗೆ "ಆಶ್‌ಕೋಂಬ್" ಎಂದೆ. ಅವನಿಗೆ ತಿಳಿಯಲಿಲ್ಲ. "ಆಶ್-ಕೋಂ-ಬ್" ಎಂದು ಬಿಡಿಸಿ ಹೇಳಿದೆ. ಅವನು ತುಂಬಾ ವಿನಯದಿಂದ, ಅಂಥ ಊರು ಈ ದಾರಿಯಲ್ಲಿಲ್ಲ ಎಂದ. ಚಿತ್ರದ ಫೋಟೊ ತೋರಿಸಿದಾಗ "ಓ, ಆಶ್ಕಮ್!" ಎಂದು ಮುಖ ಅರಳಿಸಿದ. ಇರುವ ಅಕ್ಷರಗಳನ್ನೆಲ್ಲ ಬರೆದಿಟ್ಟು ಅರ್ಧ ಮಾತ್ರ ಓದುವುದು ಇವರ ಪದ್ಧತಿ. ಡ್ರೈವರ್ ಕೂಗುತ್ತಾನೆಂದು ನಾವು ಕೂತೇ ಇದ್ದೆವು. ಇಲ್ಲಿ ಯಾರೂ ಕೂಗುವುದಿಲ್ಲ, ಇಳಿಯುವವರೇ ಗುಂಡಿ ಒತ್ತಬೇಕು. ಮುಂದಿನ ಊರಿಗೆ ಹೋಗಿ, ಕುರಿ ಹುಲ್ಲುಗಾವಲಿನ ಅಂಚಿನಲ್ಲಿ ನಡೆದು ವಾಪಸು ಬಂದೆವು. ದಾರಿಯುದ್ದಕ್ಕೂ ನಾಗರತ್ನ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದಳು. ಚರ್ಚಿನ ಗೋಪುರ ಮರಗಳ ಮೇಲೆ ಕಂಡಾಗ ನಿಂತುಬಿಟ್ಟಳು. "ಅದೇ ಕಣ್ರೀ! ಪಟದಲ್ಲಿರೋದೇ!" ಎಂದಳು. ಅವಳು ಹುಟ್ಟಿದಾಗಿನಿಂದ ಹೂವಿಟ್ಟ ಕಟ್ಟಡ ಅದು.

ಚರ್ಚಿನ ಬಾಗಿಲು

ಬಾಗಿಲ ಮುಂದೆ ಸಣ್ಣ ಕಲ್ಲಿನ ಪಡಸಾಲೆ. ನಾವು ಮಾಡಬೇಕಾದ್ದನ್ನೇ ಮಾಡಿದೆವು: ಬೂಟು ಬಿಚ್ಚಿಟ್ಟು ಒಳಗೆ ಹೋದೆವು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನೆಲದ ಕಲ್ಲು ಎಷ್ಟು ತಣ್ಣಗಿತ್ತೆಂದರೆ ಕಾಲ್ಚೀಲ ಇದ್ದೂ ಹಲ್ಲು ಕಟಕಟ ಎಂದಿತು. ನೋಡಿದರೆ ನಾವು ನಿಂತಿದ್ದು ಯಾರದೋ ಗೋರಿಯ ಮೇಲೆ. ಇಡೀ ನೆಲವೇ ಗೋರಿ. ನಾಗರತ್ನ "ಅಯ್ಯೋ ಶಿವನೇ" ಎಂದು ಪಕ್ಕಕ್ಕೆ ಹಾರಿದಳು. ಹಾರಿದ್ದು ಇನ್ನೊಂದರ ಮೇಲೆ.

ಹೊರಗೆ ಏನೋ ಸದ್ದಾಯಿತೆಂದು ಇಣುಕಿದೆ. ನಮ್ಮ ಬೂಟುಗಳಿಲ್ಲ! ಬಿಳಿ ಕೂದಲಿನ ಒಬ್ಬ ಮುದುಕಿ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ಗೋರಿಗಳ ನಡುವೆ ಸರಸರ ಹೋಗುತ್ತಿದ್ದಳು. ಪೆಟ್ಟಿಗೆಯ ಮೇಲೆ ನನ್ನ ಬೂಟಿನ ಲಾಡಿ ನೇತಾಡುತ್ತಿತ್ತು. ಗುಡಿಯಲ್ಲಿ ಚಪ್ಪಲಿ ಕಳೆದುಕೊಳ್ಳುವುದರಲ್ಲಿ ನನಗೆ ಅನುಭವ ಸಾಕಷ್ಟಿದೆ, ಆದರೆ ಕಳ್ಳರು ಇಷ್ಟು ವಯಸ್ಸಾದವರು ಸಿಕ್ಕಿರಲಿಲ್ಲ. ಒದ್ದೆ ಹುಲ್ಲಿನಲ್ಲಿ ಕಾಲ್ಚೀಲದಲ್ಲೇ ಓಡಿದೆ.

ಆಕೆಯ ಹೆಸರು ಬ್ರೆಂಡಾ. ಚರ್ಚಿನ ಉಸ್ತುವಾರಿ ಅವಳದೇ. ಊರಿನವರು ಹಳೆಯ ಬಟ್ಟೆ, ಬೂಟು, ಪಾತ್ರೆಗಳನ್ನು ತಂದು ಪಡಸಾಲೆಯಲ್ಲಿ ಇಟ್ಟುಹೋಗುತ್ತಾರಂತೆ. ಸೋರುವ ಮಾಡಿನ ರಿಪೇರಿಗಾಗಿ ಅವನ್ನು ಮಾರುತ್ತಾರಂತೆ. ನಮ್ಮ ಬೂಟನ್ನೂ ದಾನ ಎಂದುಕೊಂಡಿದ್ದಳು. ಎಷ್ಟು ಸಲ ಸಾರಿ ಕೇಳಿದಳೆಂದರೆ, ಕೊನೆಗೆ ಬೂಟು ಬಿಚ್ಚಿದ್ದಕ್ಕೆ ನಾನೇ ಸಾರಿ ಕೇಳಿದೆ.

ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದು ಕೇಳಿದಳು. ಇಂಡಿಯಾದಿಂದ ಕಾಫಿ ತೋಟದ ದೊರೆಯೊಬ್ಬರು ಈ ಊರಿಗೆ ವಾಪಸು ಬಂದಿದ್ದರಲ್ಲ, ನನ್ನ ಹೆಂಡತಿಯ ತಾತ ಅವರ ರೈಟರ್ ಎಂದೆ.

ಬ್ರೆಂಡಾ ಪೆಟ್ಟಿಗೆಯನ್ನು ಕೆಳಗಿಟ್ಟಳು. "ರೈಟರ್! ನಿಜವಾಗಿಯೂ? ಏನು ಬರೆಯುತ್ತಿದ್ದರು?"

"ಹೆಸರುಗಳನ್ನು," ಎಂದೆ.

"ಅಂದರೆ, ಜನರ ಬಗ್ಗೆ?"

"ಜನರ ಬಗ್ಗೆಯೇ. ಯಾರು ಬಂದರು, ಯಾರು ಬರಲಿಲ್ಲ. ದಿನಾ ಬರೆಯುತ್ತಿದ್ದರು."

"ಯಾರು ಬಂದರು, ಯಾರು ಬರಲಿಲ್ಲ," ಎಂದು ಆಕೆ ನಿಧಾನವಾಗಿ ಹೇಳಿಕೊಂಡಳು. ಎದೆಯ ಮೇಲೆ ಕೈಯಿಟ್ಟುಕೊಂಡು, "ಎಷ್ಟು ಸರಳವಾಗಿದೆ. ಅಚ್ಚಾಗಿದೆಯೇ?" ಎಂದಳು. ತಪ್ಪು ತಿದ್ದಬಹುದಿತ್ತು. ಆದರೆ ಹೆಂಡತಿಯ ಮನೆಯವರಿಗೆ ಇಷ್ಟು ಮರ್ಯಾದೆ ಸಿಗುವುದನ್ನು ನಾನು ಕಂಡೇ ಇರಲಿಲ್ಲ, ನೋಡೋಣ ಎಂದು ಸುಮ್ಮನಾದೆ. ಇಡೀ ಚರ್ಚನ್ನು ತಾನೇ ತೋರಿಸುತ್ತೇನೆಂದು ಬ್ರೆಂಡಾ ನಮ್ಮನ್ನು ಒಳಗೆ ಕರೆದೊಯ್ದಳು. ಈ ಸಲ ಬೂಟು ಹಾಕಿಕೊಂಡೇ ಹೋದೆವು. ನಾಗರತ್ನ ಗಲ್ಲ ಗಲ್ಲ ಬಡಿದುಕೊಂಡು ಹೋದಳು.

ಒಳಗೆ

ಹಾಸನ ಜಿಲ್ಲೆಯವರಿಗೆ ಒಂದು ಕಾಯಿಲೆ. ಪ್ರಪಂಚದ ಯಾವ ಕಲ್ಲನ್ನು ತೋರಿಸಿದರೂ "ನಮ್ಮ ಬೇಲೂರಿನ ಮುಂದೆ ಇದ್ಯಾವ ಲೆಕ್ಕ" ಎನ್ನುತ್ತೇವೆ. ಬೇಲೂರಿಗೆ ನೆಂಟರು ಬಂದಾಗ ಮಾತ್ರ ಹೋಗುತ್ತೇವೆ ಎಂಬುದು ಬೇರೆ ಮಾತು. ನಾನೂ ಅದೇ ಧೋರಣೆಯಲ್ಲಿ ಕೈಕಟ್ಟಿ ನಿಂತೆ. ಕಂಬಗಳು ಸಾದಾ, ನಮ್ಮ ಕಂಬಗಳ ಹಾಗೆ ಕಡೆದು ನುಣುಪು ಮಾಡಿದವಲ್ಲ. ಗೋಡೆ ಒರಟು, ಒಂದು ಕಡೆ ಸ್ವಲ್ಪ ವಾಲಿದೆ ಕೂಡ. ಆಮೇಲೆ ತಲೆಯೆತ್ತಿದೆ.

ಇಡೀ ಮಾಡು ಓಕ್ ಮರದ್ದು. ಒಂದೊಂದು ತೊಲೆಯ ತುದಿಯಲ್ಲೂ ರೆಕ್ಕೆ ಬಿಚ್ಚಿದ ಒಬ್ಬೊಬ್ಬ ದೇವದೂತ. ಒಬ್ಬನ ಕೈಯಲ್ಲಿ ವೀಣೆಯಂಥದ್ದು, ಒಬ್ಬನ ಕೈಯಲ್ಲಿ ಕೊಂಬು. ರೆಕ್ಕೆಯ ಗರಿ ಗರಿಯೂ ಬೇರೆ ಬೇರೆ. ಆದರೆ ಯಾರಿಗೂ ಮುಖವಿಲ್ಲ. ನಾನು ಹಳೇಬೀಡಿನ ಮುರಿದ ಮೂಗುಗಳನ್ನು ನೆನೆದು, "ಯಾರು ದಾಳಿ ಮಾಡಿದ್ದು?" ಎಂದು ಕೇಳಿದೆ.

"ಯಾರೂ ಹೊರಗಿನಿಂದ ಬರಲಿಲ್ಲ," ಎಂದಳು ಬ್ರೆಂಡಾ. "ನಾವೇ. ದೇವರ ಮನೆಯಲ್ಲಿ ಬೊಂಬೆ ಇರಬಾರದು ಎಂದು ಒಂದು ಕಾಲದಲ್ಲಿ ನಮ್ಮವರೇ ಏಣಿ ಹಾಕಿಕೊಂಡು ಹತ್ತಿದರು."

ನಾಗರತ್ನಳಿಗೆ ಹೇಳಿದೆ. "ಅಷ್ಟೆತ್ತರಕ್ಕೆ ಏಣಿ ಹಾಕ್ಕಂಡು ಹತ್ತಿ ಮುಖ ಕೆತ್ತಿ ಹಾಕ್ಬುಟ್ರಾ? ಮಾಡಕ್ಕೆ ಬೇರೆ ಕೆಲ್ಸ ಇರ್ಲಿಲ್ವಾ?" ಎಂದಳು. ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು. "ಹಂಗಾರೆ ತಾತಂದೂ ಕೆತ್ತಿ ಹಾಕ್ಬುಟ್ಟಿದ್ರೆ?" ತಾತ ಆಮೇಲಿನ ಕಾಲದವರು, ಚಿಂತೆ ಮಾಡಬೇಡ ಎಂದೆ.

ಒಂದು ಕಂಬದ ತಲೆಯ ಮೇಲೆ ಒಬ್ಬನ ಬಾಯಿಂದ, ಮೂಗಿನಿಂದ ಎಲೆಬಳ್ಳಿ ಹೊರಟು ಕೆನ್ನೆಗೆ ಸುತ್ತಿಕೊಂಡಿತ್ತು. ನಮ್ಮ ಗುಡಿಯ ಬಾಗಿಲ ಮೇಲಿನ ಕೀರ್ತಿಮುಖದ ದೂರದ ನೆಂಟನಿರಬೇಕು. ಚರ್ಚಿನೊಳಗೆ ಇವನಿಗೇನು ಕೆಲಸ ಎಂದರೆ ಬ್ರೆಂಡಾಗೂ ಗೊತ್ತಿಲ್ಲ. ಅವನು ಮೊದಲಿನಿಂದ ಇಲ್ಲೇ ಇದ್ದಾನೆ ಎಂದಳು. ನಾಗರತ್ನ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು, "ಇದಲ್ಲ ತಾನೇ?"

ಅಲ್ಲಿಂದ ಅದೇ ಶುರುವಾಯಿತು. ನಾಲಗೆ ಚಾಚಿದವನು ಕಂಡರೆ "ಇದಲ್ಲ ತಾನೇ?" ಹಲ್ಲು ನೋವಿಗೆ ಕೈಯಲ್ಲಿ ಬಾಯಿ ಅಗಲಿಸಿಕೊಂಡವನು ಕಂಡರೆ "ಇದಲ್ಲ ತಾನೇ?" ಹೊರಗೆ ಗೋಪುರದ ತುದಿಯಲ್ಲಿ ಮಳೆನೀರು ಬೀಳುವ ಕಡೆ ಒಬ್ಬ ಮಹಾನುಭಾವ ಪಕ್ಕದ ಊರಿಗೆ ತನ್ನ ಹಿಂಭಾಗ ತೋರಿಸಿಕೊಂಡು ಬಗ್ಗಿದ್ದ. ಅವನನ್ನು ಕಂಡಾಗಲಂತೂ ಅವಳು ಕೇಳಲೂ ಇಲ್ಲ, ನನ್ನ ಮುಖವನ್ನೇ ನೋಡಿದಳು.

ಅವಳಿಗೆ ಹಿಡಿಸಿದ್ದು ಒಂದೇ. ಪಾದ್ರಿಗಳ ಸಾಲಿನಲ್ಲಿ ಮಡಚುವ ಪೀಠಗಳಿವೆ. ಗಂಟೆಗಟ್ಟಲೆ ನಿಂತು ಪ್ರಾರ್ಥಿಸುವಾಗ ನಿಂತಂತೆ ಕಾಣಿಸುತ್ತಲೇ ಕೂರುವುದಕ್ಕೆ ಮೇಲೆತ್ತಿದ ಪೀಠದ ಅಡಿಯಲ್ಲಿ ಒಂದು ಪುಟ್ಟ ಚಾಚು. ದೇವರಿಗೇ ಟೋಪಿ ಹಾಕುವ ಈ ಚಾಚಿನ ಕೆಳಗೆ, ಯಾರೂ ನೋಡದ ಜಾಗದಲ್ಲಿ, ಬಡಗಿ ತನಗೆ ತೋಚಿದ್ದನ್ನು ಕೆತ್ತಿದ್ದಾನೆ. ಹೆಂಡತಿ ಸೌಟು ಹಿಡಿದು ಗಂಡನ ಜುಟ್ಟು ಹಿಡಿದಿದ್ದಾಳೆ. ಗಂಡನ ಬಾಯಿ ತೆರೆದೇ ಇದೆ. ಹೊಡೆಸಿಕೊಳ್ಳುವಾಗಲೂ ಮಾತು ನಿಂತಿಲ್ಲ.

"ಇದ್ನ ನಿಮ್ಮ ಬೇಲೂರಲ್ಲಿ ತೋರ್ಸಿ ನೋಡಣ," ಎಂದು ನಾಗರತ್ನ ಫೋಟೊ ತೆಗೆದುಕೊಂಡಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಉತ್ತರದ ಗೋಡೆ

ಕೊನೆಗೆ ಚರ್ಚಿನ ಹೊರಗಿನಿಂದ ಸುತ್ತಿ ಅಲ್ಲಿಗೆ ಹೋದೆವು. ಬಿಸಿಲು ಬೀಳದ ಗೋಡೆ ಅದು. ಪಾಚಿ ಹಿಡಿದಿತ್ತು. ಮಾಡಿನ ಅಂಚಿನಡಿ ಕಲ್ಲಿನ ತಲೆಗಳ ಸಾಲು. ಹಳೆಯವು ಮಳೆಗೆ ಸವೆದು ರಾಗಿ ಮುದ್ದೆಯಾಗಿದ್ದವು. ತುದಿಯ ಕೆಲವು ಮಾತ್ರ ಹೊಸವು: ಕಿರೀಟದವನೊಬ್ಬ, ಕನ್ನಡಕದ ಪಾದ್ರಿಯೊಬ್ಬ, ಮತ್ತೊಂದು. ನಾಗರತ್ನ ನಮಗಿಂತ ಮುಂದೆ ಹೋಗಿ ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದವಳು ಕೂಗಿದಳು.

"ರುಮಾಲು! ಏನ್ರೀ, ರುಮಾಲು ಕಟ್ಟವ್ರೆ ನೋಡ್ರೀ! ಎರಡೂ ಕಡೆ ತುದಿ ಇಳಿಬಿಟ್ಟವ್ರೆ!"

ಬ್ರೆಂಡಾ ನನ್ನ ಪಕ್ಕದಲ್ಲಿ ನಿಂತು ಅದೇ ತಲೆಯನ್ನು ಪ್ರೀತಿಯಿಂದ ನೋಡಿದಳು. "ಪಾಪದ ಮುದುಕ. ನನಗೆ ಚೆನ್ನಾಗಿ ನೆನಪಿದೆ. ಎಷ್ಟು ಒಳ್ಳೆಯ ನಾಯಿ," ಎಂದಳು.

ನಾನು ಇನ್ನೊಂದು ಸಲ ನೋಡಿದೆ. ರುಮಾಲಿನ ತುದಿಗಳು ಕಿವಿಗಳಾದವು.

ಕಾಫಿ ದೊರೆ ಅದನ್ನು ಇಂಡಿಯಾದಿಂದ ಹಡಗಿನಲ್ಲಿ ಕರೆತಂದಿದ್ದನಂತೆ. ಬ್ರೆಂಡಾ ಆಗ ಚಿಕ್ಕ ಹುಡುಗಿ. ದಿನಾ ಬೆಳಗ್ಗೆ ಆ ನಾಯಿ ಬೀದಿಯ ಒಂದು ತುದಿಯಿಂದ ಹೊರಟು ಪ್ರತಿ ಮನೆಯ ಮುಂದೆ ನಿಲ್ಲುತ್ತಿತ್ತು. ಒಳಗಿನಿಂದ ಯಾರಾದರೂ ಬಂದು ಮುಖ ತೋರಿಸಿದರೆ ಮುಂದಿನ ಮನೆಗೆ ಹೋಗುತ್ತಿತ್ತು, ತೋರಿಸದಿದ್ದರೆ ಬೊಗಳುತ್ತಿತ್ತು. ಅದು ಸತ್ತ ವರ್ಷ ದೊರೆ ಈ ಗೋಡೆ ರಿಪೇರಿ ಮಾಡಿಸಿ ಅದರ ತಲೆಯನ್ನು ಕೆತ್ತಿಸಿದ. "ಅದರ ಹೆಸರು ವಿಚಿತ್ರ, ರೈಟರ್ ಅಂತ. ಯಾಕೆಂದು ನಮಗೆ ತಿಳಿದೇ ಇರಲಿಲ್ಲ. ಈಗ ಗೊತ್ತಾಯಿತು ನೋಡಿ. ನಿಮ್ಮ ತಾತನ ಮೇಲಿನ ಗೌರವಕ್ಕೆ! ಅವರ ಪುಸ್ತಕಗಳನ್ನು ಓದಿದ್ದರೋ ಏನೋ."

ಆ ನಾಯಿ ಹಾಜರಿ ತೆಗೆದುಕೊಳ್ಳುತ್ತಿತ್ತು. ಎಸ್ಟೇಟಿನಲ್ಲಿ ದಿನಾ ತಾತನ ಹಿಂದೆ ಹಿಂದೆ ತಿರುಗಿ ಕಲಿತಿರಬೇಕು; ದೊರೆ ಅದಕ್ಕೆ ಆ ಹೆಸರಿಟ್ಟದ್ದೂ ಅಲ್ಲೇ ಇರಬೇಕು, ತಾತನಿಗೆ ಗೊತ್ತಿದ್ದೇ. ತಾತ ಯಾಕೆ ನಕ್ಕರು, ಯಾಕೆ ಅತ್ತರು ಎಂಬುದು ನನಗೆ ಅಲ್ಲೇ, ಆ ಪಾಚಿಗೋಡೆಯ ಮುಂದೆ ತಿಳಿಯಿತು. ಅವರು ಸುಳ್ಳು ಹೇಳಿರಲಿಲ್ಲ. ಹೇಳಿದ್ದು ಸ್ವಲ್ಪ ಕಡಿಮೆ, ಅಷ್ಟೆ.

"ಏನಂತೆ ಕಣ್ರೀ?" ಎಂದು ನಾಗರತ್ನ ಕೇಳಿದಳು.

ನನ್ನ ಬಾಯಿಗೆ ಜೀವಮಾನಕ್ಕಾಗುವಷ್ಟು ಸರಕು ಸಿಕ್ಕಿತ್ತು. ತಾತನಲ್ಲ, ತಾತನ ಹೆಸರಿನ ನಾಯಿ! ಸಕಲೇಶಪುರದಿಂದ ಪಾಳ್ಯದವರೆಗೆ ಯಾವ ಮದುವೆ ಮನೆಯಲ್ಲಿ ಹೇಳಿದರೂ ಜನ ಊಟ ಬಿಟ್ಟು ನಗುತ್ತಿದ್ದರು. ತಿರುಗಿ ನೋಡಿದೆ. ಅವಳು ಮತ್ತೆ ಬೂಟು ಬಿಚ್ಚಿದ್ದಳು. ಒದ್ದೆ ಹುಲ್ಲಿನಲ್ಲಿ ಸೆರಗು ಹೊದ್ದು, ಕೈಮುಗಿದು ನಿಂತಿದ್ದಳು. ಕಣ್ಣು ತುಂಬಿತ್ತು.

"ರೈಟರ್ ಅಂತೆ ಕಣೇ," ಎಂದೆ. "ದೊರೆಗೆ ಇವನಂದ್ರೆ ಪ್ರಾಣವಂತೆ. ದಿನಾ ಬೆಳಿಗ್ಗೆ ಹಾಜರಿ ತಗೊಳ್ತಿದ್ದನಂತೆ. ಬಾಳ ಒಳ್ಳೆಯವನಂತೆ."

"ಒಳ್ಳೆಯವ್ರಂತೆ ಅನ್ನಿ. ಹಿರೀಕರನ್ನ ಏಕವಚನದಲ್ಲಿ ಮಾತಾಡ್ತೀರಲ್ಲ."

"ಒಳ್ಳೆಯವರಂತೆ," ಎಂದೆ.

ಅವಳು ಊದುಬತ್ತಿ ಹಚ್ಚಿ ಗೋಡೆಯ ಸಂದಿಗೆ ಸಿಕ್ಕಿಸಿದಳು. ಇಂಡಿಯಾದ ಸಾಹಿತಿಗಳ ಮನೆತನದ ಸಂಪ್ರದಾಯವಿರಬೇಕೆಂದು ಬ್ರೆಂಡಾ ತಾನೂ ತಲೆಬಾಗಿಸಿದಳು. ನಾನು ಫೋಟೊ ತೆಗೆದೆ. ಕಿವಿಗಳು ಆದಷ್ಟು ರುಮಾಲಿನ ಹಾಗೆ ಕಾಣುವ ಕೋನ ಹುಡುಕಲು ಗೋರಿಗಳ ನಡುವೆ ಸುಮಾರು ಹೊತ್ತು ಅಡ್ಡಾಡಿದೆ.

ವಾಪಸು ಬಸ್ಸು

ನಮ್ಮ ಎದುರಿನ ಸೀಟಿನಲ್ಲಿ ಒಬ್ಬ ಹುಡುಗಿ, ಅವಳ ಪಕ್ಕದ ಸೀಟಿನಲ್ಲಿ ಒಂದು ನಾಯಿ. ಉದ್ದ ಕಿವಿ. ಅದು ನಾಗರತ್ನಳ ಮೊಣಕಾಲಿಗೆ ಮೂತಿ ತಾಗಿಸಿತು. ಈಗ ರೇಷ್ಮೆ ಸೀರೆಗಾಗಿ ರಾದ್ಧಾಂತವಾಗುತ್ತದೆ ಎಂದು ನಾನು ಎದ್ದು ನಿಂತೆ. ಅವಳು ಅದರ ತಲೆ ಸವರಿದಳು. ಕಿವಿಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಇದ್ರ ಹೆಸ್ರೇನಂತೆ, ಕೇಳಿ," ಎಂದಳು. ಕೇಳಿದೆ. ಆರ್ಥರ್ ಅಂತೆ. "ಯಾರಾರ ಬೇಕಾದವ್ರ ಹೆಸ್ರೇ ಇರ್ಬೇಕು ಬಿಡಿ," ಎಂದು ಕಿಟಕಿಯ ಕಡೆ ತಿರುಗಿದಳು.

ಕೆ. ಹೊಸಕೋಟೆ

ಹಿರಿಯರ ಹಬ್ಬಕ್ಕೆ ನಾಗರತ್ನಳ ತವರಿನಲ್ಲಿ ಎಲ್ಲ ಸೇರಿದ್ದರು. ಅವಳ ಅಣ್ಣ ಶಿವಣ್ಣ ನನ್ನನ್ನು ಹಜಾರದ ಮಧ್ಯೆ ಕೂರಿಸಿದ. "ಹೇಳಿ ಭಾವ. ನೀವ್ ಹೇಳಿದ್ರೇ ಸೈ. ತಾತ ಅವ್ರೋ ಇಲ್ವೋ?"

ನನ್ನ ಬಾಯಿಂದ ಹೊಸ ತಮಾಷೆ ಬರುತ್ತದೆಂದು ಎಲ್ಲರೂ ನಗುವುದಕ್ಕೆ ತಯಾರಾಗಿಯೇ ಕೂತಿದ್ದರು. ನಾಗರತ್ನ ಅಡಿಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು.

"ನೋಡಿದೆ," ಎಂದೆ. "ಕಣ್ಣಾರೆ ನೋಡಿದೆ. ಉತ್ತರದ ಗೋಡೆ ಮೇಲೆ ರೈಟ್ರು ಅವ್ರೆ. ರಾಜನ ಪಕ್ಕದಲ್ಲಿ, ಪಾದ್ರಿ ಪಕ್ಕದಲ್ಲಿ. ಆ ಊರಿನೋರು ಇವತ್ತಿಗೂ ನೆನೆಸ್ಕೊಳ್ತಾರೆ."

ಶಿವಣ್ಣ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಯಾರೋ ಪಟಕ್ಕೆ ಹೊಸದಾಗಿ ಕುಂಕುಮ ಇಟ್ಟರು. ನಾಗರತ್ನ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಎಡೆ ಇಡುವ ಕೋಣೆಗೆ ನೀರಿನ ಚೊಂಬು ತೆಗೆದುಕೊಂಡು ಹೋದವನು ನಾನೇ. ಹಿರಿಯರಿಗೆಂದು ಬಾಳೆಲೆಗಳ ಸಾಲು. ಅನ್ನ, ಮಟನ್ ಸಾರು, ಕಜ್ಜಾಯ. ತಾತನ ಎಲೆಯ ಪಕ್ಕ ಹೊಸ ಪಂಚೆ, ಒಂದು ಕಟ್ಟು ಬೀಡಿ. ನಾಗರತ್ನ ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಎಲೆ ಹಾಸಿ ಬಡಿಸುತ್ತಿದ್ದಳು.

"ಇದ್ಯಾರಿಗೆ?" ಎಂದೆ.

"ರೈಟರ್‌ಗೆ."

"ತಾತನಿಗೆ ಆಗಲೇ ಇಟ್ಟಿದೀಯಲ್ಲ ಮಾರಾಯ್ತಿ."

"ಅದು ತಾತಂಗೆ." ಅವಳು ತಲೆಯೆತ್ತಲಿಲ್ಲ. "ಇದು ಆ ರೈಟರ್‌ಗೆ. ಬರೀ ಮೂಳೆ ಹಾಕಿವ್ನಿ, ಕಾಣಲ್ವಾ?"

ನಾನು ಬಗ್ಗಿ ಆ ಸಣ್ಣ ಎಲೆಯನ್ನು ನೋಡಿ ಚೊಂಬನ್ನು ಅವಳ ಕಡೆ ಚಾಚಿದೆ. ಅವಳು ಅದನ್ನು ತೆಗೆದುಕೊಂಡು ಎರಡೂ ಎಲೆಗೆ ನೀರು ಸುತ್ತಿದಳು.

"ಬನ್ನಿ ಆಚೆ," ಎಂದಳು. "ಬಾಗ್ಲು ಹಾಕ್ಬೇಕು. ಇಬ್ರೂ ಉಣ್ಲಿ."